ಗಿಡದ ಸಾರ ಕೀಟನಾಶಕದ ವಿಷವನ್ನ ತಡೆಯುತ್ತಾ?

ಅರಿಶಿನದ ಸಾರ, ಅಶ್ವಗಂಧದ ಸಾರ ಕೊಟ್ಟ ಇಲಿಗಳಿಗೆ ಕೀಟನಾಶಕದ ಹಾನಿ ಕಮ್ಮಿಯಾಯ್ತಂತೆ, ನಿಜಾನಾ ಅಂತ ತುಂಬಾ ಜನ ಕೇಳಿದ್ದೀರಿ. ನಿಜ. ಆದರೆ ಯಾವ ಹಾನಿ, ಸಾರ ಕೊಟ್ಟಿದ್ದು ಯಾವಾಗ, ಇವೆರಡನ್ನ ಕೇಳಲೇಬೇಕು.

ಬೇಗ ಹೇಳ್ಬಿಡ್ತೀನಿ. ಕ್ಲೋರ್‌ಪೈರಿಫಾಸ್, ಮ್ಯಾಲಥಿಯಾನ್ ತರದ ಆರ್ಗನೋಫಾಸ್ಫೇಟ್ ಕೀಟನಾಶಕಗಳು, ನರದ ಸಂದೇಶ ಸಾಗಿಸೋ ಅಸಿಟೈಲ್‌ಕೋಲಿನ್ ಅನ್ನ ಒಡೆಯೋ ಕಿಣ್ವವನ್ನ ಕಟ್ಟಿಹಾಕ್ತವೆ. ನರದ ಸಂದೇಶ ನಿಲ್ಲೋದೇ ಇಲ್ಲ. ಬಾಯಲ್ಲಿ ಜೊಲ್ಲು, ಸೂಜಿಮೊನೆಯಷ್ಟು ಕಣ್ಣುಪಾಪೆ, ಕೊನೆಗೆ ಉಸಿರೇ ನಿಲ್ಲಬಹುದು. ಇದರ ಜೊತೆ ಯಕೃತ್ತು, ಮೂತ್ರಪಿಂಡದಲ್ಲಿ ಆಕ್ಸಿಡೇಟಿವ್ ಒತ್ತಡ, ಅಂದ್ರೆ ಉರಿದುಬೀಳೋ ಅಣುಗಳು ಜೀವಕೋಶಕ್ಕೆ ಮಾಡೋ ಹಾನಿ. ಸಾರಗಳು ಹೆಚ್ಚಾಗಿ ನೆರವಾಗೋದು ಇಲ್ಲಿ: ಜೀವಕೋಶವನ್ನ ಆ ಹಾನಿಯಿಂದ ಕಾಯೋ ಗ್ಲುಟಾಥಯೋನ್ ಉಳಿಯುತ್ತೆ, ಯಕೃತ್ತಿನ ಕಿಣ್ವ ರಕ್ತಕ್ಕೆ ಸೋರೋದು ಕಮ್ಮಿಯಾಗುತ್ತೆ.

[ಚಿತ್ರ: ಕ್ಯಾಲಬಾರ್ ಬೀಜ]

ಈಗ ಈ ಬೀಜ ನೋಡಿ. ಪಶ್ಚಿಮ ಆಫ್ರಿಕಾದ ಕ್ಯಾಲಬಾರ್ ಬೀಜ. ಹಿಂದೆ ಅಲ್ಲಿ ಆರೋಪ ಹೊತ್ತವರಿಗೆ ಇದನ್ನ ಕೊಡ್ತಿದ್ದರು: ಸತ್ತರೆ ಅಪರಾಧಿ, ವಾಂತಿ ಮಾಡಿ ಬದುಕಿದರೆ ನಿರಪರಾಧಿ. ಇದರಲ್ಲಿರೋ ಫೈಸೊಸ್ಟಿಗ್ಮಿನ್ ಹಿಡಿಯೋದೂ ಅದೇ ಕಿಣ್ವವನ್ನ! ಕಾರ್ಬರಿಲ್‌ನಂಥ ಕಾರ್ಬಮೇಟ್ ಕೀಟನಾಶಕಗಳ ಕಥೆ ಶುರುವಾಗಿದ್ದೇ ಈ ಅಣುವಿನಿಂದ. ಆದರೂ ಮೊದಲೇ ಕೊಟ್ಟರೆ ಇದು ಆರ್ಗನೋಫಾಸ್ಫೇಟ್‌ನಿಂದ ಕಾಪಾಡಬಲ್ಲದು. ಅಂಥ ವಿಷ ರಕ್ಷಣೆ ಹೇಗೆ ಕೊಡುತ್ತೆ? ಇದರ ಹಿಡಿತ ತಾತ್ಕಾಲಿಕ, ಸ್ವಲ್ಪ ಹೊತ್ತಿಗೆ ಬಿಟ್ಟುಬಿಡುತ್ತೆ. ಸೀಟಲ್ಲಿ ಮೊದಲೇ ಒಬ್ಬರು ಕೂತಿದ್ದರೆ, ಎದ್ದೇಳದೆ ಠಿಕಾಣಿ ಹೂಡೋನಿಗೆ (ಅಂದ್ರೆ ಆರ್ಗನೋಫಾಸ್ಫೇಟ್‌ಗೆ) ಜಾಗ ಸಿಗಲ್ಲ ನೋಡಿ, ಹಾಗೆ. ಇದೇ ತತ್ವದ ಪೈರಿಡೊಸ್ಟಿಗ್ಮಿನ್ ಮಾತ್ರೆಗೆ, ಸೋಮನ್ ಅನ್ನೋ ನರವಿಷದ ವಿರುದ್ಧ ಸೈನಿಕರು ಮುಂಚಿತವಾಗಿ ತಗೊಳ್ಳೋಕೆ, ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2003ರಲ್ಲಿ ಒಪ್ಪಿಗೆ ಕೊಡ್ತು.

ಮುಂಚಿತವಾಗಿ! ಇಲಿಗಳ ಬಹಳಷ್ಟು ಪ್ರಯೋಗಗಳಲ್ಲೂ ಸಾರ ಕೊಡೋದು ವಿಷಕ್ಕಿಂತ ಮೊದಲು, ಇಲ್ಲಾ ಜೊತೆಜೊತೆಗೆ. ವಿಷ ಏರಿದ ಮೇಲೆ ಕೊಡೋ ಔಷಧಿಗಳೇ ಬೇರೆ. ಅದರಲ್ಲಿ ಮೊದಲನೇದು ಅಟ್ರೋಪಿನ್, ಅದೂ ಬೆಲ್ಲಡೋನ ಅನ್ನೋ ವಿಷದ ಗಿಡದಲ್ಲಿ ಸಿಕ್ಕಿದ್ದೇ. ಅದು ಕಿಣ್ವವನ್ನ ಬಿಡಿಸಲ್ಲ, ಉಕ್ಕಿ ಬರೋ ಸಂದೇಶವನ್ನ ತಡೆಯುತ್ತೆ. ಕಿಣ್ವ ಬಿಡಿಸೋಕೆ ಪ್ರಾಲಿಡಾಕ್ಸಿಮ್ ಕೊಡ್ತಾರೆ, ಅದೂ ತಡವಾದರೆ ಕೆಲಸ ಮಾಡಲ್ಲ.

ಟೈಮ್ ಆಗ್ತಿದೆ, ಉಳಿದದ್ದು ಒಟ್ಟಿಗೆ. ಕ್ಲೋರ್‌ಪೈರಿಫಾಸ್ ಅನ್ನ ಉಗ್ರ ರೂಪಕ್ಕೆ ಬದಲಾಯಿಸೋದು ನಮ್ಮ ಯಕೃತ್ತೇ. ಸಾರ ಆ ಬದಲಾವಣೆಯನ್ನ ನಿಧಾನ ಮಾಡಿದರೂ ರಕ್ಷಣೆ ಅಂತಲೇ ಕಾಣುತ್ತೆ. ಇಲಿಗಳಿಗೆ ಕೊಡೋ ಸಾರ ಎಷ್ಟೋ ಸಲ ಕಿಲೋ ತೂಕಕ್ಕೆ ನೂರಾರು ಮಿಲಿಗ್ರಾಂ. ಅದನ್ನ ನೇರವಾಗಿ ಮನುಷ್ಯರ ಲೆಕ್ಕಕ್ಕೆ ತರೋಕಾಗಲ್ಲ.

ಯಾರ ಮೈಮೇಲಾದರೂ ಕೀಟನಾಶಕ ಬಿದ್ದರೆ, ದಯವಿಟ್ಟು ಕಷಾಯ ಕುಡಿಸ್ತಾ ಕೂರಬೇಡಿ. ಕೈಗವಸು ಹಾಕ್ಕೊಂಡು ಅವರ ಬಟ್ಟೆ ತೆಗೀರಿ, ಸೋಪು ನೀರಲ್ಲಿ ತೊಳೀರಿ, ತಕ್ಷಣ ಆಸ್ಪತ್ರೆಗೆ ಕರ್ಕೊಂಡು ಹೋಗಿ. ಡಬ್ಬಿಯ ಲೇಬಲ್‌ದು ಫೋಟೋ ಇರಲಿ, ಅದು ಯಾವ ಜಾತಿಯ ವಿಷ ಅಂತ ಡಾಕ್ಟರ್‌ಗೆ ಬೇಗ ಗೊತ್ತಾಗುತ್ತೆ.