ಎಂಟು ಹಾಳೆ ಮಡಚಿ ನೋಡಿ

ಎಲ್ಲರಿಗೂ ನಮಸ್ಕಾರ. ಈ ಸೆಮಿಸ್ಟರಿನ ಪ್ರಯೋಗ ಪತ್ರಿಕೆಯ ಕೆಲಸ ಇವತ್ತು ಶುರು. 32 ಪುಟದ ಮ್ಯಾಗಜೀನ್. ನೀವೇ ಬರೆದು, ನೀವೇ ಪುಟ ಕಟ್ಟಿ, ನೀವೇ ಪ್ರೆಸ್ಸಿಗೆ ಕಳಿಸಬೇಕು.

ಕನ್ನಡದ ಮೊದಲ ಪತ್ರಿಕೆ ‘ಮಂಗಳೂರು ಸಮಾಚಾರ’ ಯಾವಾಗ ಬಂತು ಅಂತ ಕೇಳಿದರೆ ನಿದ್ದೆಗಣ್ಣಲ್ಲೂ ಹೇಳುತ್ತೀರಿ: 1843ರ ಜುಲೈ 1, ಹರ್ಮನ್ ಮೋಗ್ಲಿಂಗ್. ಆದರೆ ಅದು ಕಲ್ಲಚ್ಚಿನ ಪತ್ರಿಕೆ. ಕಲ್ಲಿನ ಮೇಲೆ ಮೂಡಿದ ಸಾಲನ್ನು ಆಮೇಲೆ ಅತ್ತಿತ್ತ ಸರಿಸಲು ಆಗುವುದಿಲ್ಲ. ಎಷ್ಟು ಬರೆಯಬೇಕು, ಎಲ್ಲಿ ನಿಲ್ಲಿಸಬೇಕು ಎಂಬ ಲೆಕ್ಕ ಮೊದಲೇ ಇರಬೇಕು. ಇಸವಿಯನ್ನು ಬಾಯಿಪಾಠ ಮಾಡಬಹುದು. ಈ ಲೆಕ್ಕ ಮಾತ್ರ ಕೈಗೆ ಹತ್ತಬೇಕು.

ಈಗ ಎಂಟು ಬಿಳಿ ಹಾಳೆ ತೆಗೆದುಕೊಳ್ಳಿ. ಒಂದರ ಮೇಲೊಂದು ಇಟ್ಟು ನಡುವೆ ಮಡಚಿ. ಮೂಲೆಯಲ್ಲಿ ಪೆನ್ಸಿಲಿನಿಂದ 1ರಿಂದ 32ರವರೆಗೆ ಅಂಕಿ ಹಾಕಿ. ಇದೇ ಡಮ್ಮಿ, ಅಂದರೆ ಪತ್ರಿಕೆಯ ಖಾಲಿ ಮಾದರಿ. ಹೊರಗಿನ ಹಾಳೆಯೊಂದನ್ನೇ ಬಿಡಿಸಿ ನೋಡಿ. 1ರ ಪಕ್ಕದಲ್ಲಿ 32 ಕೂತಿದೆ. ಅವುಗಳ ಬೆನ್ನಿಗೆ 2 ಮತ್ತು 31. ಯಾವ ಜೋಡಿಯನ್ನು ಕೂಡಿಸಿದರೂ 33 ಬರುತ್ತದೆ, ಅಲ್ವಾ? ನಡುವಿನ 16 ಮತ್ತು 17 ಮಾತ್ರ ಒಂದೇ ಹಾಳೆಯಲ್ಲಿ ಎದುರುಬದುರು ಇವೆ. ದೊಡ್ಡ ಫೋಟೋ ತಂದವರು ಆ ಜಾಗಕ್ಕಾಗಿ ಜಗಳ ಮಾಡುತ್ತಾರೆ. ಮಾಡಲಿ, ಅದು ಒಳ್ಳೆಯ ಜಗಳ.

ನಿಮ್ಮ ಲೇಖನ ಒಂದು ಪುಟ ಜಾಸ್ತಿಯಾಯ್ತು ಅಂದುಕೊಳ್ಳಿ. ಒಂದೇ ಪುಟ ಸೇರಿಸೋಕೆ ಬರುವುದಿಲ್ಲ. ಒಂದು ಹಾಳೆ ಸೇರಿದರೆ ನಾಲ್ಕು ಪುಟ ಸೇರುತ್ತದೆ, ಪ್ರೆಸ್ಸಿನ ಬಿಲ್ಲೂ ಏರುತ್ತದೆ. ಆದ್ದರಿಂದ ಕತ್ತರಿ ಹಾಕಲೇಬೇಕು. ತರಗತಿಯಲ್ಲಿ ‘ಚಿಕ್ಕದಾಗಿ ಬರೆಯಿರಿ’ ಅಂತ ನೂರು ಸಲ ಹೇಳಿದರೂ ತಲೆಗೆ ಹೋಗದ್ದು ಇಲ್ಲಿ ಒಂದೇ ಸಂಜೆಯಲ್ಲಿ ಹೋಗುತ್ತದೆ.

ಇನ್ನೊಂದು ವಿಷಯ, ಇದು ನನ್ನದೇ ತಪ್ಪು. ಒಂದು ವರ್ಷ ಯೂನಿಕೋಡಿನಲ್ಲಿ ಟೈಪಾದ ಬರಹದ ಕರಡನ್ನು ಎರಡು ಸಲ ತಿದ್ದಿಸಿದೆ. ಆಮೇಲೆ ಅದನ್ನು ನುಡಿ ಫಾಂಟಿಗೆ ಬದಲಿಸಿ ಪುಟಕ್ಕೆ ಸುರಿದೆವು. ಬದಲಿಸುವಾಗ ಅರ್ಕಾವತ್ತು, ಒತ್ತಕ್ಷರ ಕೆಲವು ಕಡೆ ಕೆಟ್ಟವು. ಯಾರೂ ಮತ್ತೆ ಓದಲಿಲ್ಲ. ನಮ್ಮೊಂದಿಗೆ ಅರ್ಧ ದಿನ ಕೂತು ಮಾತಾಡಿದ್ದ ಒಬ್ಬ ನೇಕಾರರ ಹೆಸರೇ ತಪ್ಪಾಗಿ ಅಚ್ಚಾಯ್ತು. ಮುನ್ನೂರು ಪ್ರತಿಗಳಲ್ಲೂ ಪೆನ್ನಿನಿಂದ ತಿದ್ದಿದೆವು. ಅವರ ಮನೆಗೆ ಪ್ರತಿ ಕೊಡಲು ಹೋದಾಗ ಅವರು ಮೊದಲು ಬೆರಳಿಟ್ಟು ನೋಡಿದ್ದು ಆ ಹೆಸರನ್ನೇ. ಅಂದಿನಿಂದ ಕೊನೆಯ ಪ್ರೂಫನ್ನು ಪರದೆಯ ಮೇಲೆ ಓದಲು ನಾನು ಯಾರಿಗೂ ಬಿಡುವುದಿಲ್ಲ. ಪುಟ ಕಟ್ಟಿದ ಮೇಲೆ ಪ್ರಿಂಟ್ ತೆಗೆದು, ಇಬ್ಬರು ಕೂತು, ಒಬ್ಬರು ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ಗುರುತು ಹಾಕಬೇಕು.

ನಮ್ಮದರಲ್ಲಿ ಮುಖಪುಟಕ್ಕೂ ಒಳಗಿನ ಕಾಗದವೇ. ಅಂದರೆ ಮುಖಪುಟವೇ 1ನೇ ಪುಟ. 31ನೇ ಪುಟದವರು ತಡ ಮಾಡಿದರೆ ಅದೇ ಹಾಳೆಯಲ್ಲಿರುವ ಮುಖಪುಟವೂ ಅಚ್ಚಾಗದು. ಈಗ ನಿಮ್ಮ ಡಮ್ಮಿ ಬಿಡಿಸಿ. ನಿಮ್ಮ ಪುಟದ ಪಕ್ಕ ಯಾರಿದ್ದಾರೆ, ಬೆನ್ನಿಗೆ ಯಾರಿದ್ದಾರೆ ನೋಡಿ. ಅವರ ಹೆಸರನ್ನು ಅಲ್ಲೇ ಪೆನ್ಸಿಲಿನಲ್ಲಿ ಬರೆದುಕೊಳ್ಳಿ.