ಅವ್ವನ ಒಗೆಯುವ ಕಲ್ಲಿನೊಳಗಿನ ಸಮುದ್ರ

(ಬಾಗಲಕೋಟೆಯ ಕಾಲೇಜೊಂದರಲ್ಲಿ ಮಾಡಿದ ಉಪನ್ಯಾಸ)

ಎಲ್ಲರಿಗೂ ನಮಸ್ಕಾರ. ಸಮುದ್ರದ ಜೀವಿಗಳ ಬಗ್ಗೆ ಮಾತಾಡಿ ಅಂತ ಕರೆದಿದ್ದೀರಿ. ಬಾಗಲಕೋಟೆಯವರು ಕಡಲು ನೋಡಬೇಕಂದ್ರೆ ಘಟ್ಟ ಇಳಿದು ಹೋಗಬೇಕು, ಅಲ್ವಾ? ನಾನು ಇವತ್ತು ಚೀಲದಲ್ಲಿ ಒಂದು ಕಲ್ಲು ತಂದಿದ್ದೇನೆ. ಮಾತು ಇದರಿಂದಲೇ ಶುರು ಮಾಡುತ್ತೇನೆ.

ಲೋಕಾಪುರದ ಕಡೆ ನಮ್ಮ ಹಿತ್ತಿಲಲ್ಲಿ ಇಂಥದೇ ಕಲ್ಲಿನ ಮೇಲೆ ಅವ್ವ ಬಟ್ಟೆ ಒಗೆಯುತ್ತಿದ್ದಳು. ಒಣಗಿದಾಗ ಬರೀ ಬೂದಿ ಬಣ್ಣ. ಒಂದು ಚೊಂಬು ನೀರು ಬಿತ್ತು ಅಂದರೆ ಗೆರೆ ಎದ್ದು ಕಾಣುತ್ತಿದ್ದವು. ಈಗ ಇದರ ಮೇಲೂ ನೀರು ಹಾಕುತ್ತೇನೆ. ಮುಂದಿನ ಸಾಲಿನವರು ಹತ್ತಿರ ಬನ್ನಿ. ಉಳ್ಳಾಗಡ್ಡಿ ಅಡ್ಡ ಕೊಯ್ದಾಗ ಕಾಣುವಂಥ ಪದರ. ಬೆರಳಿಟ್ಟು ನೋಡಿ, ಕೆಲವು ಪದರ ಉಗುರಿನಷ್ಟೂ ದಪ್ಪ ಇಲ್ಲ.

ಈ ಪದರಗಳನ್ನು ಕಟ್ಟಿದ್ದು ಜೀವಿಗಳು. ಸಯನೋಬ್ಯಾಕ್ಟೀರಿಯಾ ಅಂತಾರೆ, ನೀಲಿ-ಹಸಿರು ಪಾಚಿ ಅಂತಲೂ ಕರೆಯುತ್ತಾರೆ. ಕಲಾದಗಿ, ಲೋಕಾಪುರದ ಸುಣ್ಣದ ಕಲ್ಲಿನ ನೆಲ ನೂರು ಕೋಟಿ ವರ್ಷಕ್ಕಿಂತ ಹಿಂದೆ ಆಳವಿಲ್ಲದ ಸಮುದ್ರದ ತಳವಾಗಿತ್ತು. ಅಲ್ಲಿ ಈ ಜೀವಿಗಳು ಲೋಳೆಯ ಹಾಸಿನಂತೆ ಹರಡಿದ್ದವು. ನೀರಿನಲ್ಲಿ ಬಂದ ಸಣ್ಣ ಮಣ್ಣು, ಸುಣ್ಣ ಅದಕ್ಕೆ ಅಂಟಿಕೊಳ್ಳುತ್ತಿತ್ತು. ಬಿಸಿಲು ಬೇಕಲ್ಲ, ಅದಕ್ಕೆ ಮತ್ತೆ ಮೇಲೆ ಬೆಳೆಯುತ್ತಿದ್ದವು. ಹೀಗೆ ಪದರದ ಮೇಲೆ ಪದರ. ಇಂಥ ಕಲ್ಲಿಗೆ ಸ್ಟ್ರೊಮಾಟೊಲೈಟ್ ಅಂತ ಹೆಸರು. ಮೀನು, ಏಡಿ, ಚಿಪ್ಪಿ ಯಾವುದೂ ಆಗ ಹುಟ್ಟಿರಲಿಲ್ಲ.

ಇಂಥವು ಇವತ್ತಿಗೂ ಜೀವಂತ ಇವೆ. ಪಶ್ಚಿಮ ಆಸ್ಟ್ರೇಲಿಯಾದ ಶಾರ್ಕ್ ಬೇಯಲ್ಲಿ ನೀರು ಮಾಮೂಲಿ ಸಮುದ್ರಕ್ಕಿಂತ ಸುಮಾರು ಎರಡು ಪಟ್ಟು ಉಪ್ಪು. ಪಾಚಿ ಮೇಯುವ ಹುಳುಗಳಿಗೆ ಅಲ್ಲಿ ಬದುಕುವುದು ಕಷ್ಟ. ಅದಕ್ಕೇ ಇವು ಉಳಿದಿವೆ. ಇವುಗಳ ಬಂಧುಗಳಂತೂ ತೆರೆದ ಸಮುದ್ರದ ತುಂಬ ಇದ್ದಾರೆ. ಪ್ರೊಕ್ಲೋರೊಕಾಕಸ್ ಅಂತ ಒಂದು ಜೀವಿ, 1980ರ ದಶಕದವರೆಗೂ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಒಂದು ಮಿಲಿಲೀಟರ್ ನೀರಿನಲ್ಲಿ ಒಂದು ಲಕ್ಷದವರೆಗೂ ಇರಬಹುದು. ಭೂಮಿಯ ಮೇಲೆ ಪ್ರತಿ ವರ್ಷ ತಯಾರಾಗುವ ಆಮ್ಲಜನಕದಲ್ಲಿ ಸುಮಾರು ಅರ್ಧ ಸಮುದ್ರದ್ದು. ಅದನ್ನು ಮಾಡುವುದು ಇಂಥ ಕಣ್ಣಿಗೆ ಕಾಣದ ಜೀವಿಗಳೇ. ನಿಮ್ಮ ಹೊಲದ ಜೋಳದ ಎಲೆಯೊಳಗಿನ ಹಸಿರು ಕಣವೂ ಇದೇ ವಂಶದ್ದು.

ಹವಳದ ಬಗ್ಗೆ ನಿಮಗೆಲ್ಲ ಗೊತ್ತಿರುತ್ತದೆ, ಬೇಗ ಮುಗಿಸುತ್ತೇನೆ. ಸಮುದ್ರದ ತಳದಲ್ಲಿ ಹವಳದ ದಿಬ್ಬಗಳಿರುವ ಜಾಗ ನೂರಕ್ಕೆ ಒಂದು ಪಾಲೂ ಇಲ್ಲ. ಆದರೆ ಸಮುದ್ರದ ಮೀನುಗಳಲ್ಲಿ ಕಾಲು ಭಾಗದಷ್ಟು ಬಗೆಗಳಿಗೆ ಅದೇ ಆಸರೆ. ಮುರುಡೇಶ್ವರದ ಹತ್ತಿರ ನೇತ್ರಾಣಿ ದ್ವೀಪದ ಸುತ್ತ ನಮ್ಮ ರಾಜ್ಯದಲ್ಲೂ ಹವಳ ಇದೆ. ಹವಳದ ಮೈಯೊಳಗೂ ಸಣ್ಣ ಪಾಚಿ ಇರುತ್ತದೆ, ಹವಳಕ್ಕೆ ಊಟ ಹೆಚ್ಚಾಗಿ ಅದೇ ಕೊಡುವುದು. ನೀರು ಜಾಸ್ತಿ ಬಿಸಿಯಾದರೆ ಹವಳ ಆ ಪಾಚಿಯನ್ನು ಹೊರಹಾಕಿ ಬೆಳ್ಳಗಾಗುತ್ತದೆ. ಬಿಸಿ ಬೇಗ ಇಳಿಯದಿದ್ದರೆ ಹಸಿವಿನಿಂದ ಸಾಯುತ್ತದೆ.

ಹಾಗಾದರೆ ಬಿಸಿಲೇ ಮುಟ್ಟದ ಆಳದಲ್ಲಿ? ಸಮುದ್ರದ ಸರಾಸರಿ ಆಳ ಸುಮಾರು 3,700 ಮೀಟರ್. ಅದರಲ್ಲಿ ಬಹುಪಾಲು ಕಗ್ಗತ್ತಲು. 1977ರಲ್ಲಿ ಗಲಾಪಗೋಸ್ ದ್ವೀಪಗಳ ಹತ್ತಿರ ಆಲ್ವಿನ್ ಎಂಬ ಪುಟ್ಟ ಜಲಾಂತರ್ಗಾಮಿ ಸುಮಾರು 2,500 ಮೀಟರ್ ಕೆಳಗಿಳಿಯಿತು. ತಳದಲ್ಲಿ ಬಿಸಿನೀರಿನ ಬುಗ್ಗೆ ಇದೆಯಾ ಅಂತ ಹುಡುಕಲು ಹೋಗಿದ್ದರು. ಆ ತಂಡದಲ್ಲಿ ಜೀವವಿಜ್ಞಾನಿ ಒಬ್ಬರೂ ಇರಲಿಲ್ಲ. ಅಂಥ ಕಡೆ ಜೀವ ಎಲ್ಲಿಂದ ಬರಬೇಕು ಅಂತಲೇ ಎಲ್ಲರ ಎಣಿಕೆ. ಅಲ್ಲಿ ನೋಡಿದರೆ ಬುಗ್ಗೆಯ ಸುತ್ತ ದೊಡ್ಡ ದೊಡ್ಡ ಚಿಪ್ಪಿಗಳು, ಏಡಿಗಳು, ಬಿಳಿ ಕೊಳವೆಯಿಂದ ಕೆಂಪು ಗರಿ ಚಾಚಿದ ಹುಳುಗಳು!

ಆ ಹುಳು ಎರಡು ಮೀಟರ್‌ವರೆಗೂ ಬೆಳೆಯುತ್ತದೆ. ಬಾಯಿ ಇಲ್ಲ, ಕರುಳೂ ಇಲ್ಲ. ಹೊಟ್ಟೆ ತುಂಬುವುದು ಹೇಗೆ? ಮೈಯೊಳಗೆ ಕೋಟಿಗಟ್ಟಲೆ ಬ್ಯಾಕ್ಟೀರಿಯಾ ಇಟ್ಟುಕೊಂಡಿದೆ. ಬುಗ್ಗೆಯಿಂದ ಬರುವ ಹೈಡ್ರೋಜನ್ ಸಲ್ಫೈಡ್, ಕೊಳೆತ ಮೊಟ್ಟೆಯ ವಾಸನೆಯ ಆ ಅನಿಲ, ನಮಗೆ ವಿಷ. ಅದರ ಶಕ್ತಿಯಿಂದಲೇ ಆ ಬ್ಯಾಕ್ಟೀರಿಯಾ ಆಹಾರ ಮಾಡುತ್ತವೆ. ಗರಿ ಕೆಂಪಗಿರುವುದು ನಮ್ಮ ರಕ್ತದಲ್ಲಿರುವ ಹಿಮೋಗ್ಲೋಬಿನ್‌ನಿಂದಲೇ.

ಬಿಸಿಲಿನ ಹಂಗಿಲ್ಲದ ಲೋಕ ಅಂತ ಇದನ್ನು ಹೊಗಳುತ್ತಾರೆ. ನಾನು ಅದನ್ನು ಪೂರ್ತಿ ಒಪ್ಪುವುದಿಲ್ಲ. ಆ ಬ್ಯಾಕ್ಟೀರಿಯಾಗಳಿಗೆ ಆಮ್ಲಜನಕವೂ ಬೇಕು. ಅದು ಮೇಲಿನ ನೀರಿನಿಂದಲೇ ಇಳಿದು ಬರುತ್ತದೆ. ಮೊದಮೊದಲು ಈ ಭೂಮಿಗೆ ಆಮ್ಲಜನಕ ತುಂಬಿದವರು ಯಾರು? ಈ ಕಲ್ಲು ಕಟ್ಟಿದವರ ಪೂರ್ವಜರು. ಗಲಾಪಗೋಸಿನ ಹುಳುವೂ ಅವರ ಋಣದಲ್ಲೇ ಉಸಿರಾಡುತ್ತಿದೆ. ಇದನ್ನು ಮೊದಲ ಸಲ ಓದಿದ ರಾತ್ರಿ ನಾನು ಹಿತ್ತಿಲಿಗೆ ಹೋಗಿ ಬ್ಯಾಟರಿ ಹಿಡಿದು ಅವ್ವನ ಕಲ್ಲನ್ನು ಬಹಳ ಹೊತ್ತು ನೋಡಿದ್ದೆ.

ಇನ್ನೊಂದು ಮಾತು. ಘಟಪ್ರಭೆ, ಮಲಪ್ರಭೆ ಕೃಷ್ಣೆಗೆ ಸೇರುವುದು ನಮ್ಮ ಜಿಲ್ಲೆಯ ಅಂಚಿನಲ್ಲೇ. ಆಮೇಲೆ ಕೃಷ್ಣೆ ಆಂಧ್ರದಲ್ಲಿ ಬಂಗಾಳ ಕೊಲ್ಲಿಗೆ ಸೇರುತ್ತಾಳೆ. ಅಲ್ಲಿ ಸಿಹಿನೀರು ಉಪ್ಪುನೀರು ಬೆರೆಯುವ ಕಡೆ ಕಾಂಡ್ಲಾ ಕಾಡು, ಅಂದರೆ ಮ್ಯಾಂಗ್ರೋವ್ ಕಾಡು ಇದೆ. ಬೇರುಗಳ ಸಂದಿಯಲ್ಲಿ ಮೀನುಮರಿ, ಸಿಗಡಿ, ಏಡಿ ಬೆಳೆಯುತ್ತವೆ. ಮೀನು ಹಿಡಿದು ತಿನ್ನುವ ಕಾಡುಬೆಕ್ಕೂ ಅಲ್ಲಿದೆ. ಆ ಕಾಡಿಗೆ ಬೇಕಾದ ಮಣ್ಣು, ಸಿಹಿನೀರು ಇಲ್ಲಿಂದಲೇ ಹೋಗಬೇಕು. ಆಲಮಟ್ಟಿ ಸೇರಿದಂತೆ ಸಾಲು ಅಣೆಕಟ್ಟುಗಳಲ್ಲಿ ಹೂಳು ನಿಲ್ಲುತ್ತದೆ. ಮಳೆ ಕಡಿಮೆಯಾದ ವರ್ಷ ಕೃಷ್ಣೆಯ ನೀರು ಕಡಲು ಮುಟ್ಟುವುದೇ ಅಪರೂಪ. ನಮಗೆ ನೀರು ಬೇಡವೇ ಅಂತ ನೀವು ಕೇಳಬಹುದು. ಬೇಕು, ನಾನೂ ಅದೇ ನೀರು ಕುಡಿದು ಬೆಳೆದವನು. ಆದರೆ ನದಿಯಿಂದ ಕಡಲಿಗೆ ಹೋದ ನೀರನ್ನು ‘ಸುಮ್ನೆ ವೇಸ್ಟ್ ಆಯ್ತು’ ಅಂದಾಗ ನನಗೆ ಸಂಕಟವಾಗುತ್ತದೆ. ಆ ಮೀನುಮರಿಗಳ ಪಾಲು ಅದು.

ಕಲ್ಲು ಈ ಮೇಜಿನ ಮೇಲೆ ಇರುತ್ತದೆ. ಪಕ್ಕದಲ್ಲೇ ಚೊಂಬು, ಭೂತಗನ್ನಡಿ ಇಟ್ಟಿದ್ದೇನೆ. ಹಿಂದಿನ ಸಾಲಿನವರು ಒಬ್ಬೊಬ್ಬರೇ ಬನ್ನಿ. ಮೊದಲು ಒಣಗಿದ್ದಾಗ ನೋಡಿ, ಆಮೇಲೆ ನೀರು ಹಾಕಿ.