ಹಂಗೇರಿಯ ಮಕ್ಕಳು ಸ್ಕೂಲಲ್ಲಿ ಕಲಿತ ಹಾಡು

ಕೇಳುಗರಿಗೆ ನಮಸ್ಕಾರ. ಇವತ್ತು ಹಂಗೇರಿ ದೇಶದ ಸ್ಕೂಲುಗಳ ಸಂಗೀತ ಪಾಠದ ಬಗ್ಗೆ ಮಾತಾಡೋಣ ಅಂತ ಬಂದಿದೀನಿ.

ಇಪ್ಪತ್ತನೇ ಶತಮಾನದ ಶುರುವಿನಲ್ಲಿ ಬುಡಾಪೆಸ್ಟಿನ ಓದಿದ ಜನಕ್ಕೆ ದೊಡ್ಡ ಸಂಗೀತ ಅಂದ್ರೆ ಜರ್ಮನ್ ಸಂಗೀತ, ವಿಯೆನ್ನಾದಿಂದ ಬಂದಿದ್ದೇ ಶ್ರೇಷ್ಠ, ತಮ್ಮದೇ ಹಳ್ಳಿ ಹಾಡಿಗೆ ಕಿಮ್ಮತ್ತೇ ಇರಲಿಲ್ಲ. ಝೋಲ್ಟಾನ್ ಕೊಡಾಯ್ ಅನ್ನೋ ಸಂಗೀತಗಾರ 1905ರಲ್ಲಿ ಹಳ್ಳಿ ಸುತ್ತೋಕೆ ಶುರು ಮಾಡಿದ್ರು, ಆಮೇಲೆ ಗೆಳೆಯ ಬೆಲಾ ಬಾರ್ಟೋಕ್ ಕೂಡ ಸೇರ್ಕೊಂಡ್ರು, ಮೇಣದ ಸಿಲಿಂಡರಿನ ಫೋನೋಗ್ರಾಫ್ ಇಟ್ಕೊಂಡು ರೈತರ ಹಾಡು ಹಿಡಿದಿಟ್ರು. ಆದ್ರೆ ಸಂಗ್ರಹ ಮಾಡಿ ಕಪಾಟಿನಲ್ಲಿಟ್ರೆ ಹಾಡು ಉಳಿಯುತ್ತಾ? ಕೊಡಾಯ್ ಅದನ್ನ ಸ್ಕೂಲಿಗೆ ತಂದ್ರು, ನನ್ನ ಪ್ರಕಾರ ಅವರ ಎಲ್ಲಾ ಕೆಲಸಕ್ಕಿಂತ ದೊಡ್ಡದು ಅದೇ.

1950ರಲ್ಲಿ ಅವರ ಹುಟ್ಟೂರು ಕೆಚ್ಕೆಮೇಟ್‌ನಲ್ಲಿ ಒಂದು ಪ್ರೈಮರಿ ಸ್ಕೂಲು ಶುರುವಾಯ್ತು, ಗಣಿತದ ಹಾಗೆ ಸಂಗೀತಾನೂ ದಿನಾ ಇರೋ ಪಾಠ. ಪಿಯಾನೋ ಆಮೇಲೆ, ಮೊದಲು ಗಂಟಲು, ಅದು ಬಡವರ ಮನೆ ಮಗೂಗೂ ಇರುತ್ತಲ್ಲ! ಸ್ವರ ತೋರ್ಸೋಕೆ ಕೈ, ಮುಷ್ಟಿ ಹಿಡಿದ್ರೆ ದೋ, ಅಂದ್ರೆ ನಮ್ಮ ಸ, ಷಡ್ಜ; ಅಂಗೈ ಕೆಳಗೆ ಮಾಡಿ ಅಡ್ಡ ಹಿಡಿದ್ರೆ ಮಿ, ಅಂದ್ರೆ ನಮ್ಮ ಗ. ಈ ಕೈಸನ್ನೆ ಇಂಗ್ಲೆಂಡಿನ ಜಾನ್ ಕರ್ವೆನ್ ಅವರಿಂದ ಬಂದಿದ್ದು. ನಮ್ಮ ಷಡ್ಜದ ಹಾಗೇ ದೋ ಕೂಡ ಒಂದೇ ಕಡೆ ಕೂರಲ್ಲ, ಮಕ್ಕಳ ದನಿಗೆ ತಕ್ಕಂತೆ ಎತ್ತರಿಸಬಹುದು ಇಳಿಸಬಹುದು. ಹಂಗೇರಿಯ ಹಳೇ ಹಾಡುಗಳಲ್ಲಿ ಎಷ್ಟೋ ಐದೇ ಸ್ವರದಲ್ಲಿ ಓಡ್ತವೆ, ನಮ್ಮ ಮೋಹನ ರಾಗದಲ್ಲಿರೋ ಅವೇ ಐದು, ಶುರು ಆಗೋ ಜಾಗ ಮಾತ್ರ ಬೇರೆ. ಎಳೆ ಮಕ್ಕಳಿಗೆ ಅರ್ಧ ಸ್ವರದ, ಅಂದ್ರೆ ತೀರಾ ಹತ್ತಿರದ ಎರಡು ಸ್ವರಗಳ ನಡುವಿನ ಸಣ್ಣ ಅಂತರದ, ತೊಡಕಿಲ್ಲದ ಇಂಥ ಹಾಡೇ ಸಲೀಸು ಅಂತ ಮೊದಲ ಪಾಠಕ್ಕೆ ಅವನ್ನೇ ಇಟ್ರು.

ಮಕ್ಕಳಿಂದ ದೇಶಭಕ್ತಿ ಹಾಡು ಬಾಯಿಪಾಠ ಮಾಡಿಸಿದ್ರೆ ಸಂಸ್ಕೃತಿ ಬೆಳೆಯುತ್ತೆ ಅಂತ ತುಂಬಾ ಜನ ಅಂದ್ಕೋತಾರೆ, ನಂಗೆ ಅದು ಒಪ್ಪಿಗೆ ಇಲ್ಲ. ಇಲ್ಲಿ ಆಗಿದ್ದೇ ಬೇರೆ, ಅಜ್ಜಿ ಹಾಡ್ತಿದ್ದಿದ್ದನ್ನ ಮೊಮ್ಮಗಳು ಸ್ವರ ಓದ್ಕೊಂಡು ಹಾಡೋ ಹಾಗಾಯ್ತು, ಅದೇ ಜ್ಞಾನದಲ್ಲಿ ಜರ್ಮನಿಯ ದೊಡ್ಡ ಸಂಗೀತಗಾರ ಬಾಖ್‌ನ ಸಂಗೀತಾನೂ ಅವಳ ಕೈಗೆ ಸಿಕ್ತು. 2016ರಲ್ಲಿ ಯುನೆಸ್ಕೊ ಕೂಡ ಜನಪದ ಸಂಗೀತ ಉಳಿಸೋ ಒಳ್ಳೇ ಮಾದರಿ ಅಂತ ಇದನ್ನ ತನ್ನ ಪಟ್ಟಿಗೆ ಸೇರಿಸ್ತು.

ನಮ್ಮ ಸ್ಕೂಲುಗಳಲ್ಲಿ ಬೆಳಗ್ಗೆ ಪ್ರಾರ್ಥನೆ ಹೇಗೂ ಇರುತ್ತೆ, ನಾಡಗೀತೆನೂ ಇರುತ್ತೆ. ಟೀಚರುಗಳೇ, ನಿಮ್ಮೂರಿನ ಒಂದು ಸೋಬಾನೆ ಪದಾನೋ ಕೋಲಾಟದ ಪದಾನೋ ಅದರ ಜೊತೆ ಸೇರ್ಸಿ, ಬರೀ ಸಾಹಿತ್ಯ ಅಲ್ಲ, ಸ್ವರಾನೂ ಹೇಳ್ಕೊಡಿ. ಹಾರ್ಮೋನಿಯಂ ಇಲ್ದಿದ್ರೂ ನಡೆಯುತ್ತೆ. ಹಾಡೋಕೆ ಬರೋ ಅಜ್ಜಿಯರು ಊರಲ್ಲಿ ಇನ್ನೂ ಇದ್ರೆ ಒಂದು ದಿನ ಕ್ಲಾಸಿಗೇ ಕರ್ಕೊಂಡು ಬನ್ನಿ. ನಮಸ್ಕಾರ.